ಎರಡಕ್ಷರಕ್ಕೆ ಇಳಿಯುವ ಹೆಸರು

ಧಾರವಾಡದ ಸುಭಾಸ ರಸ್ತೆಗೆ ಬೆನ್ನು ಮಾಡಿ ನಿಂತ ಒಂದು ಓಣಿಯಲ್ಲಿ ಫಕೀರಪ್ಪನವರ ಮುದ್ರಣಾಲಯವಿದೆ. ಲಗ್ನಪತ್ರಿಕೆ, ವಾಸ್ತುಶಾಂತಿಯ ಕರೆಯೋಲೆ, ಶ್ರದ್ಧಾಂಜಲಿಯ ಕಾರ್ಡು ಅಲ್ಲಿಯ ಕೆಲಸ. ಒಳಗೆ ಕಾಲಿಟ್ಟವರಿಗೆ ಮೊದಲು ಕಾಣುವವರು ಹಣದ ಗಲ್ಲೆಯ ಮೇಲಿನ ಫಕೀರಪ್ಪನವರಾದರೂ, ಗಿರಾಕಿಗಳು ಹೆದರುವುದು ಕಿಟಕಿಯ ಪಕ್ಕದ ಕಂಪ್ಯೂಟರಿನ ಮುಂದೆ ಕುಳಿತ ರಜನಿ ಗಲಗಲಿಗೆ. ಖಾತ್ರಿ ಇಲ್ಲದ ಮಾತು ಅವಳ ಕೈಯಿಂದ ಮುದ್ರಣಕ್ಕೆ ಹೋಗುವುದಿಲ್ಲ. ಒಮ್ಮೆ ಹತ್ತಿ ವ್ಯಾಪಾರಿಯೊಬ್ಬರು ಮಗನ ಲಗ್ನಪತ್ರಿಕೆಯ ಕರಡು ತಂದಾಗ ಅದರಲ್ಲಿ ವರನ ಅಜ್ಜಿಯ ಹೆಸರು ಇರಲಿಲ್ಲ.

“ಅಜ್ಜಿ ಹೆಸರು ಎಲ್ಲದರಿ?” ಎಂದಳು ರಜನಿ.

“ಜಾಗಾ ಸಾಲೂದಿಲ್ಲ ಬಿಡ್ರಿ.”

“ನಿಮ್ಮ ಅಂಗಡಿ ಹೆಸರಿಗೆ ಎರಡು ಸಲ ಜಾಗಾ ಅದ. ನಿಮ್ಮನ್ನ ಹಡದಾಕಿಗೆ ಒಂದು ಸಲ ಇಲ್ಲೇನ್ರಿ?”

ಅಜ್ಜಿಯ ಹೆಸರು ಬಂತು. ಆ ವ್ಯಾಪಾರಿ ಇಂದಿಗೂ ಕಾರ್ಡು ಮಾಡಿಸುವುದು ಅಲ್ಲಿಯೇ.

ರಜನಿ ನಡೆಸುವ ಪ್ರೋಗ್ರಾಂ ಪೇಟೆಯಲ್ಲಿ ಕೊಂಡದ್ದಲ್ಲ. ಅವಳ ಗಂಡ ಏಕನಾಥ ತನ್ನ ಕೈಯಾರೆ ಬರೆದದ್ದು. ಎರಡಕ್ಷರ ಬರೆದರೆ ಉಳಿದದ್ದನ್ನು ತಾನೇ ತುಂಬಿಕೊಡುವ ಸೌಕರ್ಯ ಬೇರೆ ಪ್ರೋಗ್ರಾಮುಗಳಲ್ಲಿಯೂ ಇತ್ತು; ಆದರೆ ಇಲ್ಲಿಯ ಹೆಸರು, ಅಡ್ಡಹೆಸರು, ಅವುಗಳ ಮುಂದೆ ಕೂಡುವ ಗೌರವದ ಮಾತು ಅವಕ್ಕೆ ತಿಳಿಯದು. ಫಕೀರಪ್ಪನವರ ಮನೆಯಲ್ಲಿ ತೀರಿಕೊಂಡವರು ಲಿಂಗೈಕ್ಯರು, ಗಲಗಲಿಯವರ ಮನೆಯಲ್ಲಿ ವೈಕುಂಠವಾಸಿಗಳು, ಎದುರಿನ ಅಂಗಡಿಯ ದಸ್ತಗೀರಸಾಬರ ಮನೆಯಲ್ಲಿ ಮರ್ಹೂಮ್. ಒಂದರ ಜಾಗದಲ್ಲಿ ಇನ್ನೊಂದು ಬಿದ್ದರೆ ಕಾರ್ಡುಗಳು ಕಟ್ಟುಗಟ್ಟಲೆ ಮರಳಿ ಬರುತ್ತಿದ್ದವು.

ಆದುದರಿಂದ ಏಕನಾಥ ಕಾರ್ಡಿನಲ್ಲಿ ತುಂಬಬೇಕಾದ ಪ್ರತಿಯೊಂದು ಖಾನೆಗೂ ಅದರದೇ ಪಟ್ಟಿಯನ್ನು ಕಟ್ಟಿದ. ಖಾನೆಯಲ್ಲಿ ಎರಡಕ್ಷರ ಬಿದ್ದೊಡನೆ, ಹಿಂದೆ ಬರೆದ ಹೆಸರುಗಳು ಅದರ ಕೆಳಗೆ ಇಳಿದು ನಿಲ್ಲಬೇಕು. ಒಂದಕ್ಷರಕ್ಕೆ ಇಳಿಯಕೂಡದು, ಇಳಿದರೆ ಅರ್ಧ ಊರೇ ಬಂದು ನಿಂತೀತು. ಹೆಚ್ಚು ಸಲ ಆರಿಸಿದ ಹೆಸರು ಪಟ್ಟಿಯಲ್ಲಿ ಮೇಲಕ್ಕೆ ಏರಬೇಕು. ಶ್ರದ್ಧಾಂಜಲಿಯ ಕಾರ್ಡಿನಲ್ಲಿ ಒಮ್ಮೆ ಬಂದ ಹೆಸರು ಮುಂದೆ ಯಾವ ಲಗ್ನಪತ್ರಿಕೆಯಲ್ಲಿ ಬಂದರೂ, ಅದರ ಮುಂದೆ ಲಿಂಗೈಕ್ಯವೋ ವೈಕುಂಠವಾಸಿಯೋ ತಾನಾಗಿ ಕೂಡಿಕೊಳ್ಳಬೇಕು. ವರ್ಷಾಂತಕ್ಕೆ ಅದೇ ಮನೆಯವರು ಮತ್ತೆ ಕಾರ್ಡು ಮಾಡಿಸಲು ಬರುವುದರಿಂದ, ಹೆಸರನ್ನು ಆರಿಸಿ ಎಂಟರ್ ಒತ್ತಿದರೆ ಹಿಂದಿನ ಕಾರ್ಡಿನ ಊರು, ಬಂಧುಗಳ ಹೆಸರು ತಂತಮ್ಮ ಖಾನೆಗಳಲ್ಲಿ ಬಂದು ಕೂಡಬೇಕು. ದಿನಾಂಕದ ಖಾನೆಯೊಂದಕ್ಕೆ ಮಾತ್ರ ಅವನು ಪಟ್ಟಿ ಕಟ್ಟಲಿಲ್ಲ.

“ಇದನ್ನ ಯಾಕ ಬಿಟ್ಟೆಪಾ?” ಎಂದು ಫಕೀರಪ್ಪನವರು ಕೇಳಿದ್ದರು.

“ತೀರಿಕೊಂಡ ದಿನಾ ಊಹಾ ಮಾಡೂ ಅಧಿಕಾರ ಮಷೀನಿಗೆ ಕೊಡಬಾರ್ದ್ರಿ ಕಾಕಾ. ಅದನ್ನ ಮನಿಷಾನಽ ಬರೀಬೇಕು.”

ಕಟ್ಟಿದ್ದನ್ನು ಪರೀಕ್ಷಿಸಲು ಹೆಸರು ಬೇಕಲ್ಲ. ಆ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಿಂದಲೂ ಒಂದು ಕಟ್ಟಳೆಯಿದೆ: ಶ್ರದ್ಧಾಂಜಲಿಯ ಕಾರ್ಡನ್ನು ಬದುಕಿದ್ದವರ ಹೆಸರಿನಲ್ಲಿ ಜೋಡಿಸಿ ನೋಡಬಾರದು. ಹಳೆಯ ಕೆಲಸಗಾರರು ಹೆಸರಿನ ಜಾಗದಲ್ಲಿ ಬರಿಯ ಗೆರೆಯನ್ನಿಡುತ್ತಿದ್ದರು. ಗೆರೆಯನ್ನಿಟ್ಟರೆ ಏಕನಾಥನ ಪಟ್ಟಿ ಇಳಿಯುವುದಿಲ್ಲ. ಅವನು ನಡುಮಧ್ಯಾಹ್ನ ಒಬ್ಬನೇ ಕುಳಿತು ಏನೋ ಬರೆಯುತ್ತಿದ್ದಾಗ ಫಕೀರಪ್ಪನವರು ಹಿಂದೆ ಬಂದು ನಿಂತರು.

“ಯಾರ ಹೆಸರ ಹಾಕೀದಿ ತಮ್ಮಾ ಅದರಾಗ?”

“ನಂದಽ ರೀ ಕಾಕಾ. ಬ್ಯಾರೇದವ್ರದು ಹಾಕಿದ್ರ ಜಗಳಕ್ಕ ಬರ್ತಾರ. ನಾ ಅಂತೂ ಬರೂದಿಲ್ಲ.”

“ಅಳಸು. ನನ್ನ ಕಣ್ಮುಂದಽ ಅಳಸು.”

ಏಕನಾಥ ನಕ್ಕು ಒಂದು ಕೀಲಿಯನ್ನೊತ್ತಿದ. ಪರದೆಯ ಮೇಲಿನ ಕಾರ್ಡು ಬರಿದಾಯಿತು. ಆ ಮಾತು ಅಲ್ಲಿಗೆ ನಿಂತಿತು.

ಮುಂದಿನ ಆಷಾಢದಲ್ಲಿ ಅವನು ತಾರಿಹಾಳದ ಒಂದು ಸಣ್ಣ ಕಾರ್ಖಾನೆಗೆ ಪ್ರೋಗ್ರಾಂ ಹಾಕಿಕೊಡಲು ಹೋದ. ಮರಳಿ ಬರಲಿಲ್ಲ. ಅವನ ಸ್ಕೂಟರು ಗೇಟಿನ ಬದಿಗೆ ಕೀಲಿ ಹಾಕಿ ನಿಂತಿತ್ತು. ಹೆಲ್ಮೆಟ್ಟು ಕನ್ನಡಿಗೆ ಸಿಕ್ಕಿಸಿದಂತೆಯೇ ಇತ್ತು. ಅಂಥವನೊಬ್ಬ ತಮ್ಮ ಗೇಟಿನ ಒಳಗೆ ಬರಲೇ ಇಲ್ಲವೆಂದು ಕಾರ್ಖಾನೆಯವರು ಪೊಲೀಸರಿಗೆ ಹೇಳಿದರು. ಅವರು ಸುಳ್ಳು ಹೇಳುವವರಂತೆ ಕಾಣಲಿಲ್ಲ. ಆದರೆ ಅವರ ಕಂಪ್ಯೂಟರನ್ನು ತೆರೆದಾಗ ಏಕನಾಥನ ಪ್ರೋಗ್ರಾಂ ಅದರಲ್ಲಿ ಕುಳಿತಿತ್ತು. ಕೆಲಸ ಮುಗಿದಿತ್ತು. ಮಾಡಿದವನನ್ನು ಕಂಡವರಿರಲಿಲ್ಲ.

ರಜನಿ ಅವನ ಕುರ್ಚಿಯಲ್ಲಿ ಬಂದು ಕುಳಿತಳು. ಪ್ರೋಗ್ರಾಂ ತಿದ್ದುವುದನ್ನು ಅವನು ಅಷ್ಟಿಷ್ಟು ಕಲಿಸಿದ್ದ. ಉಳಿದದ್ದನ್ನು ಅವಳು ಅವನು ಬರೆದದ್ದನ್ನೇ ಸಾಲು ಸಾಲಾಗಿ ಓದಿ ಕಲಿತಳು. ಹಣೆಯ ಕುಂಕುಮ, ಕೊರಳ ಕರಿಮಣಿ ಹಾಗೆಯೇ ಇದ್ದವು. ಅರಿಷಿಣ ಕುಂಕುಮಕ್ಕೆ ಇವಳನ್ನು ಕರೆಯಬೇಕೋ ಬಿಡಬೇಕೋ ಎಂದು ಮಾಳಮಡ್ಡಿಯ ಕೆಲವು ಮನೆಗಳಲ್ಲಿ ಚರ್ಚೆಯಾಗುತ್ತಿದ್ದಾಗ, ಇವಳು ಕರೆದವರ ಮನೆಗೆ ಹೋಗುತ್ತಿದ್ದಳು, ಕರೆಯದವರ ಮನೆಯ ಕಾರ್ಡನ್ನೂ ತಪ್ಪಿಲ್ಲದೆ ಮಾಡಿಕೊಡುತ್ತಿದ್ದಳು. ಅವನು ಬದುಕಿದ್ದಾನೆಂದು ಅವಳು ಯಾರ ಮುಂದೆಯೂ ವಾದಿಸಿದವಳಲ್ಲ. ತೀರಿಕೊಂಡನೆಂದು ಒಪ್ಪಿದವಳೂ ಅಲ್ಲ.

ಅವಳಿಗೆ ಇನ್ನೊಂದು ಹಟವಿತ್ತು. ಲಗ್ನದ ದಿನ ಹೊಸ್ತಿಲಲ್ಲಿ ಅಡ್ಡಗಟ್ಟಿದ ನಾದಿನಿಯರ ಮುಂದೆ ಒಡಪು ಹಾಕಿ ಒಮ್ಮೆ ಗಂಡನ ಹೆಸರು ಹೇಳಿದ್ದಳು. ಅದಾದ ಮೇಲೆ ಆ ಹೆಸರು ಅವಳ ಬಾಯಿಂದ ಬಂದಿಲ್ಲ. ಕಟ್ಟಳೆ ಬೆರಳಿಗೂ ಇಳಿದಿತ್ತು. ಯಾವುದಾದರೂ ಕಾರ್ಡಿನಲ್ಲಿ ಏಕನಾಥನೆಂಬ ಹೆಸರು ಬಂದರೆ, ಉಪ್ಪಿನಬೆಟಗೇರಿಯಿಂದ ಬಸ್ಸಿನಲ್ಲಿ ಕೆಲಸಕ್ಕೆ ಬರುವ ಐಶ್ವರ್ಯಾಳನ್ನು ಕರೆದು, “ಈ ಒಂದು ಹೆಸರು ಹೊಡಿ” ಎಂದು ತಾನು ಕಿಟಕಿಯ ಕಡೆಗೆ ತಿರುಗುತ್ತಿದ್ದಳು. ಐಶ್ವರ್ಯಾ ಬರುವ ಮೊದಲು ಬೇರೆ ಹುಡುಗಿಯರಿದ್ದರು. ಗಂಡ ಕಟ್ಟಿದ ಪಟ್ಟಿಯನ್ನು ದಿನವಿಡೀ ನಡೆಸುವ ರಜನಿಗೆ ಆ ಹೆಸರಿನ ಮೊದಲ ಎರಡಕ್ಷರಕ್ಕೆ ಏನೇನು ಇಳಿಯುತ್ತದೆಂಬುದು ಮಾತ್ರ ಗೊತ್ತಿರಲಿಲ್ಲ.

ಈ ವರ್ಷ ದಸರೆ ಮುಗಿದ ಮೇಲೆ ಮೈದುನ ಅತುಲ ಮುದ್ರಣಾಲಯಕ್ಕೆ ಬಂದ. ಅವನು ಧಾರವಾಡದ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಅಧಿಕಾರಿ. ಮಗಳು ಸಾನ್ವಿಯ ಲಗ್ನ ಮಾರ್ಗಶೀರ್ಷದಲ್ಲಿ ಗೊತ್ತಾಗಿತ್ತು. ಕರಡನ್ನು ಮೇಜಿನ ಮೇಲಿಟ್ಟು ಅವನು ಬಹಳ ಹೊತ್ತು ಫ್ಯಾನನ್ನು ನೋಡುತ್ತ ಕುಳಿತ.

“ಫ್ಯಾನ್ ನಿಮ್ಮ ಕಾರ್ಖಾನಿದಲ್ಲ. ಏನದ ಹೇಳು,” ಎಂದಳು ರಜನಿ.

“ವೈನಿ, ಹೋದ ಆಷಾಢಕ್ಕ ಅಣ್ಣ ಹೋಗಿ ಹನ್ನೆರಡು ವರ್ಷ ತುಂಬ್ತು. ಆಚಾರ್ರು ಮನಿಗೆ ಬಂದಿದ್ರು. ದರ್ಭಿ ಬೊಂಬಿ ಮಾಡಿ ಸಂಸ್ಕಾರ ಮಾಡಿಬಿಡ್ರಿ ಅಂತಾರ. ಸೂತಕನೂ ಹೆಚ್ಚಿಲ್ಲಂತ. ಅಣ್ಣಗೂ ಒಂದು ದಾರಿ ಆಗ್ತದ, ನಮಗೂ ಒಂದು ದಾರಿ.”

“ನನಗ?”

ಅತುಲ ಕರಡಿನ ಮೇಲೆ ಬೆರಳಿಟ್ಟ. “ಕಾರ್ಡಿನ್ಯಾಗ ಅಣ್ಣನ ಹೆಸರು ಹಾಂಗಽ ಹಾಕಿದ್ರ, ಎಲ್ಲಿದ್ದಾರ ನಿಮ್ಮಣ್ಣ ಕರೀರಿ ಅಂತಾರ ಬೀಗರು. ಬಿಟ್ಟುಬಿಟ್ರ ಅವ್ವ ಊಟಾ ಬಿಡ್ತಾಳ. ಮುಂದ ವೈಕುಂಠವಾಸಿ ಅಂತ ಇದ್ರ ಯಾರೂ ಏನೂ ಕೇಳೂದಿಲ್ಲ.”

“ಅವರ ಹೆಸರಿಗೆ ಅದು ಬಂದ್ರ ನನ್ನ ಹೆಸರಿಂದು ಒಂದು ಹೋಗ್ತದ. ಅದು ಗೊತ್ತದಲಾ ನಿನಗ?”

ಅವನಿಗೆ ಗೊತ್ತಿತ್ತು. ಆ ಮನೆಯ ಕಾರ್ಡುಗಳಲ್ಲಿ ಮುತ್ತೈದೆಯ ಹೆಸರಿನ ಮುಂದೆ ‘ಸೌ.’ ಎಂದಿರುತ್ತದೆ; ಗಂಡ ತೀರಿದ ದಿನ ಅದು ಹೋಗುತ್ತದೆ. ಅದು ಹೋದರೆ ಸಾನ್ವಿಗೆ ಮೊದಲ ಅರಿಷಿಣ ಹಚ್ಚುವ ಕೈ ರಜನಿಯದಾಗುವುದಿಲ್ಲ. ದೊಡ್ಡವ್ವನ ಕೈಯೇ ಬೇಕೆಂದು ಸಾನ್ವಿ ಹಟ ಹಿಡಿದು ಕುಳಿತಿದ್ದಳು.

“ಸೋಮವಾರ ಪ್ರೂಫ್ ನೋಡ್ತೀನಿ,” ಎಂದು ಅತುಲ ಎದ್ದು ನಿಂತ. “ನೀವು ಏನು ಹಾಕಿರ್ತೀರಿ ಅದಽ ಖರೇ, ವೈನಿ. ನಾ ತಿದ್ದೂದಿಲ್ಲ.”

ಹೀಗೆ ಆ ಭಾರವನ್ನು ಅವನು ಒಂದು ಖಾನೆಯಲ್ಲಿಟ್ಟು ಹೋದ.

ರಜನಿ ಕಾರ್ಡಿನ ಉಳಿದ ಭಾಗವನ್ನೆಲ್ಲ ಬರೆದು ಮುಗಿಸಿ, ರೂಢಿಯಂತೆ ಐಶ್ವರ್ಯಾಳನ್ನು ಕರೆದು, “ಈ ಒಂದು ಹೆಸರು ಹೊಡಿ” ಎಂದಳು. ಐಶ್ವರ್ಯಾ ಕುರ್ಚಿಯಿಂದ ಏಳಲಿಲ್ಲ.

“ಅದನ್ನ ನಾ ಹೊಡೆಯಂಗಿಲ್ಲರಿ ಮೇಡಂ.”

“ಯಾಕ? ಕೈಗೇನಾತು?”

“ಎರಡಕ್ಷರ ಹೊಡದ್ರ ಸಾರ್ ಹೆಸರ ಬರತೈತ್ರಿ. ಮುಂದ ವೈಕುಂಠವಾಸಿ ಹಚ್ಚಿಕೊಂಡಽ ಬರತೈತಿ. ನಿಮಗ ಹೆಂಗ ಹೇಳ್ಲಿ ಅಂತ ಸುಮ್ಮಿದ್ದೆ.” ಹುಡುಗಿ ಧ್ವನಿಯನ್ನು ತಗ್ಗಿಸಿದಳು. “ಮದಲ ಬ್ಯಾರೆ ಎಲ್ಲಾ ಏಕನಾಥರ ಕೆಳಗ, ತಳದಾಗ ಇತ್ರಿ. ಈಗ ಕೆಲವ ದಿನದಿಂದ ಒಂದೊಂದಽ ಹೆಸರ ದಾಟಿ ಮ್ಯಾಲ ಏರಾಕತ್ತೈತಿ. ನಾ ಆರಿಸಿಲ್ಲರಿ. ದೇವರಾಣಿ.”

ರಜನಿ ಕನ್ನಡಕವನ್ನು ಒರೆಸಿ ಹಾಕಿಕೊಂಡಳು. ಹನ್ನೆರಡು ವರ್ಷ ಜೊತೆಯಾಗಿ ಒತ್ತದೆ ತಪ್ಪಿಸಿಕೊಂಡು ಬಂದ ಎರಡು ಕೀಲಿಗಳನ್ನು ಒಂದರ ಮೇಲೊಂದು ಒತ್ತಿದಳು. ಖಾನೆಯ ಕೆಳಗೆ ಪಟ್ಟಿ ಇಳಿಯಿತು. ಎಲ್ಲಕ್ಕಿಂತ ಮೇಲೆ ನಿಂತಿತ್ತು: ವೈಕುಂಠವಾಸಿ ಏಕನಾಥ ಹಣಮಂತರಾವ ಗಲಗಲಿ.

ಫಕೀರಪ್ಪನವರು ಗಲ್ಲೆಯಿಂದೆದ್ದು ಬಂದು ನೋಡಿದರು. ಅವರ ಕೈ ಕೊರಳಿನ ಲಿಂಗದ ಕರಡಿಗೆಯ ಮೇಲೆ ಹೋಯಿತು. “ನನ್ನ ಕಣ್ಮುಂದ ಅಳಿಸಿದ್ನವಾ. ನಾ ನಿಂತ ಅಳಿಸಿಸೇನಿ.”

ಪ್ರೋಗ್ರಾಮಿನ ಒಳಗನ್ನು ಬಿಚ್ಚಿ ಓದಿದಾಗ ರಜನಿಗೆ ಅರ್ಧ ತಿಳಿಯಿತು. ಏಕನಾಥ ಅಂದು ಒತ್ತಿದ ಕೀಲಿ ಪರದೆಯ ಮೇಲಿನ ಕಾರ್ಡನ್ನು ಬರಿದು ಮಾಡಿತ್ತು. ಪಟ್ಟಿಗೆ ಸೇರಿದ ಹೆಸರು ಅಲ್ಲಿಯೇ ಉಳಿದಿತ್ತು. ಅದು ಇದ್ದುದಕ್ಕೆ ಕಾರಣ ಸಿಕ್ಕಂತಾಯಿತು. ಏರುತ್ತಿರುವುದಕ್ಕೆ ಸಿಗಲಿಲ್ಲ. ಯಾರಾದರೂ ಮತ್ತೆ ಮತ್ತೆ ಆರಿಸದೆ ಯಾವ ಹೆಸರೂ ಆ ಪಟ್ಟಿಯಲ್ಲಿ ಏರಲಾರದು. ಅದಕ್ಕೊಂದು ಕೈ ಬೇಕು.

ಮರುದಿನ ಮಧ್ಯಾಹ್ನ ಎಂದಿನಂತೆ ಅತ್ತೆ ಗೋದಾಬಾಯಿ ಊಟದ ಡಬ್ಬಿಯನ್ನು ತಂದರು. ಮನೆಯಲ್ಲಿ ಒಬ್ಬರೇ ಕೂಡ್ರಲಾರದೆ ಅವರು ಇತ್ತೀಚೆಗೆ ಆ ಪರಿಪಾಠ ಹಿಡಿದಿದ್ದರು. ಊಟವಾದ ಮೇಲೆ ರಜನಿ ಮಹಡಿಗೆ ಹೋಗಿ ಪ್ರೂಫುಗಳನ್ನು ನೋಡುವುದು, ಅತ್ತೆ ಫ್ಯಾನಿನ ಕೆಳಗಿದೆಯೆಂದು ಅವಳ ಕುರ್ಚಿಯಲ್ಲಿ ಕೂಡ್ರುವುದು ವಾಡಿಕೆ. ಅಂದು ರಜನಿ ಮಹಡಿಯವರೆಗೆ ಹೋಗದೆ ಮೆಟ್ಟಿಲಿನಲ್ಲಿಯೇ ನಿಂತಳು. ಮೇಲಿನ ಮುದ್ರಣಯಂತ್ರ ನಿಂತಿತ್ತು. ಫಕೀರಪ್ಪನವರು ಊಟಕ್ಕೆ ಮನೆಗೆ ಹೋಗಿದ್ದರು, ಐಶ್ವರ್ಯಾಳೂ ಹೊರಗೆ ಹೋಗಿದ್ದಳು. ಓಣಿಯಲ್ಲಿ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ.

ಗೋದಾಬಾಯಿ ಒಂದು ಬೆರಳನ್ನು ಚಾಚಿ ಒಂದು ಕೀಲಿಯನ್ನು ಒತ್ತಿದರು. ಇನ್ನೊಂದನ್ನು ಹುಡುಕಿ ಒತ್ತಿದರು. ಪಟ್ಟಿ ಇಳಿಯಿತು. ಅವರು ತಲೆಯಾಡಿಸಿ ಎಂಟರ್ ಒತ್ತಿದರು. ಬಳಿಕ ಎಲ್ಲವೂ ಬರಿದಾಗುವಂತೆ ಕಾರ್ಡನ್ನು ಮುಚ್ಚಿ ತೆರೆದು, ಮತ್ತೆ ಮೊದಲ ಕೀಲಿಗೆ ಬೆರಳಿಟ್ಟರು.

“ಅತ್ಯಾ, ಏನು ಮಾಡ್ಲಿಕ್ಹತ್ತೀರಿ?”

ಅವರು ಬೆಚ್ಚಲಿಲ್ಲ. “ಬಾ, ನೋಡು ಇಲ್ಲೆ. ಕರದ್ರ ಓ ಅಂತಾನ.”

“ಯಾರು ಕಲಿಸಿದ್ರು ಇದನ್ನ?”

“ಅವನಽ. ಇದನ್ನೆಲ್ಲಾ ಮಾಡಿ ಮುಗಿಸಿದ ದಿನ ನನ್ನ ಕರ್ಕೊಂಡು ಬಂದು ಈ ಕುರ್ಚಿ ಮ್ಯಾಲ ಕೂಡ್ಸಿದ್ದ. ಅವ್ವಾ, ನನ್ನ ಹೆಸರು ಇಲ್ಲೆ ಇಟ್ಟೀನಿ, ಎರಡಕ್ಷರ ಒತ್ತು, ಬರ್ತೀನಿ ಅಂದಿದ್ದ. ಮರತಽ ಬಿಟ್ಟಿದ್ದೆ. ಆಚಾರ್ರು ಬಂದು ಬೊಂಬಿ ಸುಡೂ ಮಾತಾಡಿದ್ರಲಾ, ಅವತ್ತು ನೆನಪಾತು.”

ಹೆಸರು ತಪ್ಪಿ ಉಳಿದದ್ದಲ್ಲ. ಅವನು ಇಟ್ಟು ಹೋದದ್ದು. ರಜನಿ ಕೆಳಗಿನ ಮೆಟ್ಟಿಲನ್ನು ಇಳಿದು ಬಂದು ಅತ್ತೆಯ ಹಿಂದೆ ನಿಂತಳು.

“ಹೆಸರಿನ ಮುಂದ ಏನದ, ಓದೀರೇನು?”

“ಮುಂದಿಂದು ಸಣ್ಣ ಅಕ್ಷರ. ನನಗ ಕಾಣೂದಿಲ್ಲ.” ಕೀಲಿಯ ಮೇಲಿನ ಬೆರಳನ್ನು ತೆಗೆಯದೆ ಅವರು ಹೇಳಿದರು: “ಕಾಣೂದು ಬ್ಯಾಡ.”

ಪ್ರೋಗ್ರಾಂ ತೆರೆದೊಡನೆ ಮೊದಲು ಬರುವುದು ಶ್ರದ್ಧಾಂಜಲಿಯ ಕಾರ್ಡು. ಏಕನಾಥ ಮೊದಲು ಕಟ್ಟಿದ್ದು ಅದನ್ನೇ. ತಾಯಿ ದಿನವೂ ಮಗನನ್ನು ಕರೆಯುತ್ತಿದ್ದದ್ದು ತೀರಿಕೊಂಡವರ ಖಾನೆಯಲ್ಲಿ. ರಜನಿ ಅತ್ತೆಯ ಭುಜದ ಮೇಲಿನಿಂದ ಬಾಗಿ ಉಳಿದ ಖಾನೆಗಳನ್ನು ನೋಡಿದಳು. ಎಂಟರ್ ಒತ್ತಿದಾಗ ಅವೂ ತುಂಬಿ ಬಂದಿದ್ದವು. ಬಂಧುಗಳ ಖಾನೆಯಲ್ಲಿ: ತಾಯಿ ಗೋದಾಬಾಯಿ, ಪತ್ನಿ ಸೌ. ರಜನಿ. ತನ್ನದೇ ಮರಣದ ಕಾರ್ಡಿನಲ್ಲಿ ಅವನು ಹೆಂಡತಿಯ ‘ಸೌ.’ ತೆಗೆದಿರಲಿಲ್ಲ. ಊರಿನ ಖಾನೆಯಲ್ಲಿ: ತಾರಿಹಾಳ.

ಕಾರ್ಡನ್ನು ಬರೆದಾಗ ಅವನಿಗೆ ತಾರಿಹಾಳದಲ್ಲಿ ಯಾವ ಕೆಲಸವೂ ಇರಲಿಲ್ಲ. ಆ ಕಾರ್ಖಾನೆಯವರು ಅವನನ್ನು ಹುಡುಕಿಕೊಂಡು ಬಂದದ್ದು ಎಷ್ಟೋ ತಿಂಗಳ ಮೇಲೆ. ಬಂದ ದಿನ ಚಹಾ ಮಾಡಿಕೊಟ್ಟವಳು ರಜನಿಯೇ.

ಊಟ ಮುಗಿಸಿ ಬಂದ ಫಕೀರಪ್ಪನವರಿಗೆ ಅವಳು ಆ ಖಾನೆಯನ್ನು ತೋರಿಸಿದಳು.

“ಆ ಸುಮಾರಿಗೆ ತಾರಿಹಾಳದವ್ರದು ಯಾರದರ ಕಾರ್ಡ್ ಬಂದಿರಬೇಕು. ನೋಡಿ ಹೊಡದಾನ,” ಎಂದರು ಅವರು.

“ಬಂದಿತ್ತೇನ್ರಿ ಕಾಕಾ?”

“ಬಂದಿರಬೇಕವಾ.” ಅವರು ಅವಳ ಮುಖವನ್ನು ನೋಡದೆ ಗಲ್ಲೆಗೆ ಮರಳಿದರು.

ಸೋಮವಾರ ಅತುಲ ಬಂದಾಗ ಗೋದಾಬಾಯಿಯೂ ಅಲ್ಲಿದ್ದರು. ರಜನಿ ಅವನನ್ನು ಲಗ್ನಪತ್ರಿಕೆಯ ಮುಂದೆ ಕೂಡಿಸಲಿಲ್ಲ. ಶ್ರದ್ಧಾಂಜಲಿಯ ಕಾರ್ಡನ್ನು ತೆರೆದು, ಆ ಎರಡಕ್ಷರಗಳನ್ನು ತಾನೇ ಒತ್ತಿ, ಎಂಟರ್ ಕೊಟ್ಟಳು. ಖಾನೆಗಳು ತುಂಬಿದವು. ದಿನಾಂಕದ ಖಾನೆಯಲ್ಲಿ ಸಣ್ಣ ಗೆರೆಯೊಂದು ಮಿನುಗುತ್ತ ನಿಂತಿತು.

“ನೀ ಕೇಳಿದ್ದು ಇದಽ ಅಲ್ಲ? ಎಲ್ಲಾ ತುಂಬೇದ. ಇದೊಂದು ಖಾಲಿ ಅದ. ದಿನಾಂಕ ಹೇಳು, ಹಾಕ್ತೀನಿ. ಹಾಕಿ ಕರಿಮಣಿ ತಗದು ನಿನ್ನ ಕೈಯಾಗ ಕೊಡ್ತೀನಿ. ಒಂದು ಮಾತು ಆಡೂದಿಲ್ಲ.”

“ಅವ ಹೋದ ದಿನ…”

“ಅದು ಹೋದ ದಿನ. ನಾ ತೀರಿಕೊಂಡ ದಿನ ಕೇಳ್ಲಿಕ್ಹತ್ತೀನಿ.”

“ಗೊತ್ತಿಲ್ಲದಾಗ ಆಚಾರ್ರು ಒಂದು ತಿಥಿ ಹಿಡದು ಕೊಡ್ತಾರ ವೈನಿ. ಅದಕ್ಕ ಶಾಸ್ತ್ರ ಅದ.”

“ಶಾಸ್ತ್ರಕ್ಕ ಇರಲಿ. ಹಿಡದ ದಿನ ಈ ಮಷೀನಿನ್ಯಾಗ ಹಾಕೂದಿಲ್ಲ. ಇದನ್ನ ಮಾಡಿದವರಽ ಬ್ಯಾಡಂದಾರ.”

ಅತುಲನ ಕಣ್ಣು ಆಗ ಊರಿನ ಖಾನೆಯ ಮೇಲೆ ಬಿತ್ತು. ಅವನು ಎರಡು ಸಲ ಓದಿದ. “ತಾರಿಹಾಳ ಅಂತ ಯಾರು ಹಾಕಿದ್ರು?”

“ಅವರಽ. ಹೋಗೂದಕ್ಕ ಭಾಳ ಮದಲ.”

ಅವನು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡ. ಗೋಡೆಗೊರಗಿ ಕುಳಿತಿದ್ದ ಗೋದಾಬಾಯಿ ಈಗ ಬಾಯಿ ತೆರೆದರು. “ಕರದ್ರ ಓ ಅಂತಾನ ನನ್ನ ಮಗ. ಓ ಅನ್ನೂವವಗ ಕೊಳ್ಳಿ ಹೆಂಗ ಇಡ್ತೀಯೋ ಅತುಲಾ?”

ರಜನಿ ಲಗ್ನಪತ್ರಿಕೆಯನ್ನು ತೆರೆದಳು. ಕರೆಯುವವರ ಖಾನೆಯಲ್ಲಿ, ಪಟ್ಟಿಯ ಸಹಾಯವಿಲ್ಲದೆ, ಅಕ್ಷರಕ್ಕೊಂದು ಕೀಲಿಯಂತೆ ಬರೆದಳು: ಸೌ. ರಜನಿ ಏಕನಾಥ ಗಲಗಲಿ. ಬೇರೆ ಸಾಲು ಹಾಕಲಿಲ್ಲ. ಗಂಡನ ಹೆಸರು ಅವಳ ಹೆಸರಿನ ನಡುವೆ ನಿಂತಿತು. ಅದಕ್ಕೆ ಯಾವ ಗೌರವದ ಮಾತೂ ಅಂಟಿರಲಿಲ್ಲ. ಬೀಗರು ಕೇಳುವಂಥದ್ದೂ ಏನೂ ಉಳಿಯಲಿಲ್ಲ. ಅತುಲ ಪ್ರೂಫಿನ ಕೆಳಗೆ ಸಹಿ ಮಾಡಿ, ಪರದೆಯ ಕಡೆಗೆ ತಿರುಗಿ ನೋಡದೆ ಹೊರಟುಹೋದ.

ಅದೇ ಸಂಜೆ ರಜನಿ ಪ್ರೋಗ್ರಾಮಿನ ಒಳಗೆ ಹೋಗಿ ಆ ಒಂದು ಹೆಸರಿನ ಮುಂದಿನ ‘ವೈಕುಂಠವಾಸಿ’ಯನ್ನು ತೆಗೆದುಹಾಕಿದಳು. ಹೆಸರನ್ನು ಮುಟ್ಟಲಿಲ್ಲ. ಬೇರೆ ಯಾವ ಸಾಲನ್ನೂ ಮುಟ್ಟಲಿಲ್ಲ.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಅವಳು ಮಹಡಿಗೆ ಹೋಗದೆ ಅತ್ತೆಯ ಪಕ್ಕದಲ್ಲಿಯೇ ಕುಳಿತಳು. ಗೋದಾಬಾಯಿ ಬೆರಳನ್ನು ಚಾಚಿ ಮೊದಲ ಕೀಲಿಯನ್ನು ಒತ್ತಿದರು. ಎರಡನೆಯದನ್ನು ಹುಡುಕುತ್ತಿದ್ದಂತೆ ಪಟ್ಟಿ ಇಳಿಯಿತು. ಒಂದಕ್ಷರಕ್ಕೆ ಇಳಿದರೂ ಅದರಲ್ಲಿ ಅರ್ಧ ಊರು ಬಂದು ನಿಂತಿರಲಿಲ್ಲ. ಒಂದೇ ಹೆಸರಿತ್ತು.

“ಇವತ್ತು ಲಗೂ ಬಂದ ನೋಡು,” ಎಂದರು ಗೋದಾಬಾಯಿ.

ರಜನಿ ಪ್ರೋಗ್ರಾಂ ಬಿಚ್ಚಿ ನೋಡಿದಳು. ಎಷ್ಟು ಅಕ್ಷರಕ್ಕೆ ಇಳಿಯಬೇಕೆಂಬ ಸಾಲಿನಲ್ಲಿ ಏಕನಾಥ ಬರೆದ ಎರಡು ಎರಡಾಗಿಯೇ ಇತ್ತು. ಅವಳು ಅದನ್ನು ಮುಚ್ಚಿ, ಕಾರ್ಡನ್ನು ಅತ್ತೆಯ ಮುಂದೆ ಮತ್ತೆ ತೆರೆದಿಟ್ಟಳು. ಅವರು ಒಂದಕ್ಷರವನ್ನೊತ್ತಿದರು, ಎಂಟರ್ ಒತ್ತಿದರು. ಖಾನೆಗಳು ತುಂಬಿ, ಗೆರೆ ಕೊನೆಯ ದಿನಾಂಕದ ಖಾನೆಗೆ ಹೋಗಿ ಮಿನುಗತೊಡಗಿತು. ಇಷ್ಟು ದಿನ ಅದನ್ನು ಗಮನಿಸದ ಗೋದಾಬಾಯಿ ಇಂದು ಅದರ ಹತ್ತಿರಕ್ಕೆ ಮುಖ ಒಯ್ದರು.

“ಇಲ್ಲೇನೋ ಕೇಳ್ಲಿಕ್ಹತ್ತದ ಅಲ್ಲ, ರಜನೀ? ಏನು ಬರೀಬೇಕು ಇಲ್ಲೆ?”

ರಜನಿ ಕೀಲಿಮಣೆಯನ್ನು ಅವರ ಕೈಯಳತೆಯಿಂದ ಮೆಲ್ಲಗೆ ಈಚೆಗೆ ಸರಿಸಿದಳು.

“ನೀವು ಬರೀಬ್ಯಾಡ್ರಿ ಅತ್ಯಾ. ಅದನ್ನ ಅವರಽ ತುಂಬ್ತಾರ.”